ಸಂವಾದದ ಸಮ್ಮೇಳನಕ್ಕೆ ಮೂರು ಕಾರ್ಯಾಗಾರ: ನಮ್ಮ ಕೆರೆಯ ನೆಪದಲ್ಲಿ

ಟೊಮೆಟೊ ರೇಟಿನ ಬಗ್ಗೆ ಬರೀರಿ ಅಂತ ಸುಮಾರು ಜನ ಕೇಳಿದ್ದೀರಿ. ಅದು ಮುಂದಿನ ವಾರಕ್ಕಿರಲಿ. ಈ ಸಲ ವಿಷಯ ಬೇರೆ. ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಬೆಂಗಳೂರಲ್ಲಿ ಒಂದು ಸಮ್ಮೇಳನ ನಡೆಯೋದಿದೆ. ವಿಷಯ: ಸಾರ್ವಜನಿಕ ಸಂವಾದ ಮತ್ತು ಜನರ ಪಾಲ್ಗೊಳ್ಳುವಿಕೆ. ಭಾಷಣ ಕಮ್ಮಿ, ಕಾರ್ಯಾಗಾರ ಜಾಸ್ತಿ ಅಂತೆ. ಯಾರು ಬೇಕಾದರೂ ಕಾರ್ಯಾಗಾರದ ಪ್ರಸ್ತಾವ ಕಳಿಸಬಹುದು ಅಂತ ಫಾರಂ ಬಿಟ್ಟಿದ್ದಾರೆ. ಈ ಪೇಜು ಓದುವ ಒಬ್ಬ ತಮ್ಮ ಅದನ್ನ ನನಗೆ ಕಳಿಸಿ, "ಅಣ್ಣಾ, ಅಲ್ಲಿಗೆ ಬರೋರೆಲ್ಲ ಸಭೆ ಕರೆಯೋರು. ಸಭೇಲಿ ಕೂರೋರ ಕಡೆಯಿಂದ ಒಂದಾದ್ರೂ ಇರ್ಲಿ, ನೀವು ಹಾಕಿ" ಅಂದ.

ಫಾರಂ ತೆಗೆದು ನೋಡಿದೆ. ಕಾರ್ಯಾಗಾರದ ಹೆಸರು, ಉದ್ದೇಶ, ಎಷ್ಟು ಜನ ಕೂರಬಹುದು, ಒಂದೂವರೆ ಗಂಟೆಯಲ್ಲಿ ಯಾವ್ಯಾವ ಹೊತ್ತಿಗೆ ಏನು ಮಾಡಿಸ್ತೀರಿ, ಕೊನೆಗೆ ಭಾಗವಹಿಸಿದವರು ಮನೆಗೆ ಏನು ಒಯ್ಯುತ್ತಾರೆ. ಕೊನೇ ಪ್ರಶ್ನೆಯನ್ನ ಮನೇಲಿ ಓದಿ ಹೇಳಿದಾಗ ನಮ್ಮೆಜಮಾನಿ, "ಏನ್ ಒಯ್ತಾರೆ, ಒಂದು ಬ್ಯಾಗು, ಒಂದು ಪ್ಯಾಡು, ಒಂದು ಪೆನ್ನು" ಅಂದಳು. ನಕ್ಕೆವು. ಆದರೆ ಆ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಯಾಕಂದ್ರೆ ಸಭೆಗೆ ಹೋದವನು ಏನು ಹೊತ್ಕೊಂಡು ಬರ್ತಾನೆ ಅನ್ನೋದೇ ನಮ್ಮೂರಲ್ಲಿ ಈಗ ನಡೀತಿರೋ ಜಗಳದ ಬುಡ.

ಜಗಳ ಕೆರೆದು. ನಮ್ಮದು ಕೋಲಾರದ ಕಡೆ. ವರ್ಷವಿಡೀ ಹರಿಯೋ ನದಿ ನಮ್ಮ ಜಿಲ್ಲೆಗಿಲ್ಲ. ಹಿಂದಿನವರು ಕೆರೆ ಕಟ್ಟಿದರು, ನಾವು ಬೋರ್‌ವೆಲ್ ಕೊರೆದೆವು. ಸಾವಿರದ ಇನ್ನೂರು ಅಡಿ, ಸಾವಿರದ ಐನೂರು ಅಡಿ ಅಂತ ಹೇಳಿದರೆ ಇಲ್ಲಿ ಯಾರೂ ಹುಬ್ಬೇರಿಸಲ್ಲ. ಅಂಥಾ ಹೊತ್ತಿಗೆ ಕೆ.ಸಿ. ವ್ಯಾಲಿ ಯೋಜನೆ ಬಂತು. ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತದಲ್ಲಿ ಶುದ್ಧ ಮಾಡಿ ಪೈಪಿನಲ್ಲಿ ತಂದು ಇಲ್ಲಿನ ಕೆರೆ ತುಂಬಿಸೋದು. ದಿನಕ್ಕೆ 440 ದಶಲಕ್ಷ ಲೀಟರ್ ಗುರಿ, ನೂರಕ್ಕೂ ಹೆಚ್ಚು ಕೆರೆ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ನೋಡೋಕೆ ಜನ ಜಾತ್ರೆಗೆ ಹೋದ ಹಾಗೆ ಹೋದರು. ಅದೇ ವರ್ಷ ನೊರೆಯ ಸುದ್ದಿಯೂ ಬಂತು, ವಿಷಯ ಕೋರ್ಟ್ ಮೆಟ್ಟಿಲೂ ಹತ್ತಿತು. ನೀರು ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಆಗಬೇಕು ಅನ್ನೋ ಬೇಡಿಕೆ ಮಾತ್ರ ಹಾಗೇ ಉಳಿದಿದೆ.

ಗೊತ್ತಿಲ್ಲದೋರಿಗೆ ಒಂದು ಮಾತು. ಮೊದಲನೇ ಹಂತದಲ್ಲಿ ಕಸ, ಮರಳು, ತಳಕ್ಕೆ ಕೂರೋ ಗಸಿ ಬೇರೆಯಾಗುತ್ತೆ. ಎರಡನೇ ಹಂತದಲ್ಲಿ ಗಾಳಿ ಊದಿ ಸೂಕ್ಷ್ಮಜೀವಿಗಳನ್ನ ಬೆಳೆಸಿ, ನೀರಲ್ಲಿ ಕರಗಿರೋ ಕೊಳೆಯನ್ನ ಅವುಗಳ ಕೈಲಿ ತಿನ್ನಿಸ್ತಾರೆ. ಮೂರನೇ ಹಂತದಲ್ಲಿ ಉಳಿದ ಸಾರಜನಕ, ರಂಜಕ ತೆಗೆದು, ಇನ್ನೂ ಸಣ್ಣಗೆ ಸೋಸಿ, ರೋಗಾಣು ಕೊಲ್ತಾರೆ. ಕೆರೆಗೆ ಬಂದ ನೀರನ್ನ ನೇರವಾಗಿ ಗದ್ದೆಗೆ ಎತ್ತೋ ಹಾಗಿಲ್ಲ. ಅದು ಇಂಗಿ ಅಂತರ್ಜಲ ಆಗಬೇಕು, ನಮಗೆ ಬೋರ್‌ವೆಲ್ಲಿನಿಂದ ಸಿಗಬೇಕು. ಲೆಕ್ಕ ಇಷ್ಟೇ.

ಈಗ ನಮ್ಮ ಕೆರೆಯೂ ಮುಂದಿನ ಪಟ್ಟೀಲಿ ಬರುತ್ತೆ ಅಂತ ಊರೆಲ್ಲ ಮಾತು. ನಮ್ಮ ಭಾವಮೈದ ಹೇಳ್ತಾನೆ: "ಗಂಗೆ ಮನೆ ಬಾಗಿಲಿಗೆ ಬರ್ತಾವ್ಳೆ ಭಾವ, ಯಾವ ಜಾತಿ, ಯಾವ ಊರು ಅಂತ ಕೇಳ್ಕೊಂಡು ಕೂರ್ತೀರಾ?" ಅವನದ್ದು ಮೂರು ಬೋರ್ ಫೇಲಾಗಿದೆ, ಸಾಲ ಇನ್ನೂ ಇದೆ. ಅವನ ಮಾತಲ್ಲಿ ತಪ್ಪು ಹುಡುಕೋಕೆ ನನಗೆ ಮನಸ್ಸಿಲ್ಲ. ಕೆರೆ ಕೆಳಗಿನ ಬೀದಿಯ ಅತ್ತೆ ಕೇಳೋದು ಬೇರೆ: "ನಮ್ಮ ಬೀದಿ ನಲ್ಲಿಗೆ ನೀರು ಬರೋದು ಕೆರೆ ಪಕ್ಕದ ಬೋರಿಂದ. ಅದನ್ನೇ ಕುಡೀತೀವಿ. ಅದಕ್ಕೆ ಏನಾದ್ರೂ ಆದ್ರೆ ಯಾರನ್ನ ಕೇಳ್ಬೇಕು?" ಅತ್ತೆ ಮಾತಲ್ಲೂ ತಪ್ಪಿಲ್ಲ. ನನಗೂ ನೀರು ಬೇಕು. ಎರಡು ಎಕರೆ ಹಿಪ್ಪುನೇರಳೆ ಇದೆ, ನೀರಿಲ್ಲದೆ ಸೊಪ್ಪಿಲ್ಲ, ಸೊಪ್ಪಿಲ್ಲದೆ ಹುಳ ಇಲ್ಲ.

ಹಾಗಾಗಿ ನಾನು ನೀರು ಬೇಕೋ ಬೇಡವೋ ಅಂತ ಕೇಳ್ತಿಲ್ಲ. ನನ್ನ ಪ್ರಶ್ನೆ ನಾಲ್ಕೇ. ನೀರು ಬಂದ ಮೇಲೆ ಕೆರೇದು, ಸುತ್ತಲ ಬೋರಿಂದು ಪರೀಕ್ಷೆ ಯಾರು ಮಾಡ್ತಾರೆ? ಎಷ್ಟು ದಿನಕ್ಕೊಮ್ಮೆ? ಫಲಿತಾಂಶವನ್ನ ಊರಲ್ಲಿ ಎಲ್ಲಿ ಬರೆದು ಹಾಕ್ತಾರೆ? ಕೆಟ್ಟದ್ದು ಅಂತ ಬಂದರೆ ನೀರು ನಿಲ್ಲಿಸೋ ಅಧಿಕಾರ ಯಾರಿಗಿದೆ? ಈ ನಾಲ್ಕು ಮಾತಿಗೆ ಉತ್ತರ ಸಿಕ್ಕರೆ ಭಾವಮೈದನೂ ಅತ್ತೆಯೂ ಒಂದೇ ಜಗಲಿ ಮೇಲೆ ಕೂತು ಕಾಫಿ ಕುಡೀಬಹುದು. ಸಿಗದಿದ್ದರೆ ಅವರಿಬ್ಬರೂ ಜನ್ಮಪೂರ್ತಿ ಜಗಳ ಆಡ್ತಾರೆ, ಅದನ್ನ ಹೊರಗಿನೋರು "ಜನರಲ್ಲೇ ಒಮ್ಮತ ಇಲ್ಲ" ಅಂತ ಬರೀತಾರೆ.

ಇಷ್ಟು ತಲೇಲಿ ಇಟ್ಕೊಂಡು ಫಾರಂ ತುಂಬೋಕೆ ಕೂತೆ. ಒಬ್ಬರು ಮೂರು ಕಾರ್ಯಾಗಾರದವರೆಗೆ ಸೂಚಿಸಬಹುದು. ಮೂರನ್ನೂ ಬರೆದಿದ್ದೀನಿ. ಕಳಿಸೋಕೆ ಮುಂಚೆ ನಿಮ್ಮ ಮುಂದೆ ಇಡ್ತಿದ್ದೀನಿ.

ಒಂದು: ಸಭೆ ಎಷ್ಟು ಗಂಟೆಗೆ?

ನಮ್ಮ ಕಡೆ ಸಭೆ ಅಂದ್ರೆ ಬೆಳಿಗ್ಗೆ ಹನ್ನೊಂದು. ಯಾಕೆ ಹನ್ನೊಂದು ಅಂದ್ರೆ ತಾಲ್ಲೂಕು ಕೇಂದ್ರದಿಂದ ಬರೋರಿಗೆ ಅದು ಅನುಕೂಲ. ಊರಿನ ಗಡಿಯಾರ ಬೇರೆ. ಬೆಳಿಗ್ಗೆ ಆರರಿಂದ ಏಳೂವರೆ ಡೈರಿಗೆ ಹಾಲು. ಆಮೇಲೆ ಮಕ್ಕಳ ತಿಂಡಿ, ಬಸ್ಸು. ಒಂಬತ್ತಕ್ಕೆ ಕೂಲಿಗೆ ಹೋದವರು ಸಂಜೆ ಐದಕ್ಕೆ ಬರೋದು, ಬಂದ ತಕ್ಷಣ ಮತ್ತೆ ಹಾಲು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿ ಪ್ರಕಾರ, ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿ ಇದ್ದ ವಾರ ಗಂಡಸರು ಹಗಲು ನಿದ್ದೆಗಣ್ಣಲ್ಲಿರ್ತಾರೆ. ರೇಷ್ಮೆ ಮನೇಲಿ ಹುಳ ಹಣ್ಣಾಗಿ ಚಂದ್ರಿಕೆಗೆ ಬಿಡೋ ದಿನ ಆದರೆ, ಮುಖ್ಯಮಂತ್ರಿ ಬಂದರೂ ಆ ಮನೆಯಿಂದ ಒಂದು ನೊಣ ಆಚೆ ಬರಲ್ಲ.

ಹನ್ನೊಂದು ಗಂಟೆಗೆ ಯಾರು ಬರ್ತಾರೆ? ಕೆಲಸಕ್ಕೆ ಆಳು ಇಟ್ಟವರು, ಪಂಚಾಯ್ತಿ ಕೆಲಸ ಹಿಡಿದವರು, ವಯಸ್ಸಾದವರು, ರಾಜಕೀಯ ಇರೋರು. ಅವರು ಬರಬಾರದು ಅಂತಲ್ಲ. ಅವರಷ್ಟೇ ಸಾರ್ವಜನಿಕರು ಆಗಿಬಿಡ್ತಾರೆ ಅನ್ನೋದು ಕಷ್ಟ. ಕುಡಿಯೋ ನೀರು ಹೊರೋ ಅತ್ತೆ ಆ ಹೊತ್ತಲ್ಲಿ ಯಾರದೋ ಟೊಮೆಟೊ ತೋಟದಲ್ಲಿ ಕಾಯಿ ಬಿಡಿಸ್ತಿರ್ತಾಳೆ. ಸಭೆಗೆ ಬಂದರೆ ಆ ದಿನದ ಕೂಲಿ ಹೋಯ್ತು.

ಈ ಕಾರ್ಯಾಗಾರದಲ್ಲಿ ನಾನು ಮಾಡಿಸೋದು ಹೀಗೆ. ಮೂವತ್ತು ಜನ, ಆರು ಗುಂಪು. ಒಂದೊಂದು ಗುಂಪಿಗೆ ಒಂದೊಂದು ಮನೆ: ಹೈನುಗಾರಿಕೆ ಮನೆ, ರೇಷ್ಮೆ ಮನೆ, ಕೂಲಿ ಮನೆ, ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಣುಮಗಳ ಮನೆ, ಕುರಿ ಮೇಯಿಸೋರ ಮನೆ, ವಯಸ್ಸಾದ ಒಂಟಿ ಅಜ್ಜಿ ಮನೆ. ಮೊದಲ ಅರ್ಧ ಗಂಟೆ ಆ ಮನೆಯ ಇಪ್ಪತ್ನಾಲ್ಕು ಗಂಟೆಯನ್ನ ಚಾರ್ಟಿನ ಮೇಲೆ ಬರೀಬೇಕು. ಮುಂದಿನ ಅರ್ಧ ಗಂಟೆ ಆರೂ ಚಾರ್ಟು ಒಂದರ ಕೆಳಗೊಂದು ಅಂಟಿಸಿ, ಆರೂ ಮನೆಯಿಂದ ಒಬ್ಬೊಬ್ಬರಾದರೂ ಬರಬಹುದಾದ ಎರಡು ಗಂಟೆ ಹುಡುಕಬೇಕು. ಸಿಗಲ್ಲ. ಅದೇ ಪಾಠ. ಕೊನೇ ಅರ್ಧ ಗಂಟೆ: ಸಿಗದಿದ್ದರೆ ಏನು ಮಾಡ್ತೀರಿ? ಒಂದು ದೊಡ್ಡ ಸಭೆ ಬದಲು ಮೂರು ಸಣ್ಣದು ಮಾಡ್ತೀರಾ? ಡೈರಿ ಮುಂದೆ ಹಾಲು ಹಾಕೋ ಹೊತ್ತಲ್ಲೇ ಕೂರ್ತೀರಾ? ಕೂಲಿ ಕಳ್ಕೊಂಡವರಿಗೆ ಭತ್ಯೆ ಕೊಡ್ತೀರಾ?

ಭತ್ಯೆ ಅಂದ್ರೆ ಕೆಲವರಿಗೆ ಕೋಪ ಬರುತ್ತೆ, "ದುಡ್ಡು ಕೊಟ್ಟು ಜನ ಸೇರಿಸೋದಾ" ಅಂತ. ವೇದಿಕೆ ಮೇಲಿರೋರೆಲ್ಲ ಆ ದಿನದ ಸಂಬಳದ ಮೇಲೇ ಕೂತಿರ್ತಾರಲ್ಲ. ಸಾಮಾನ್ಯ ಜನರನ್ನ ಜ್ಯೂರಿ ಥರ ಕೂರಿಸಿ ಅಭಿಪ್ರಾಯ ಕೇಳೋ ಪದ್ಧತಿ ಹಲವು ದೇಶಗಳಲ್ಲಿದೆ, ಅಲ್ಲಿ ದಿನದ ಭತ್ಯೆ ಕೊಡೋದು ಮಾಮೂಲು. ನಮ್ಮ ಕಾನೂನಲ್ಲೂ ದಾರಿ ಇಲ್ಲದಿಲ್ಲ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಗ್ರಾಮಸಭೆಗೆ ಮುಂಚೆ ವಾರ್ಡ್ ಸಭೆ ಇದೆ, ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೀಬೇಕು. ವಾರ್ಡ್ ಸಭೆ ಅಂದ್ರೆ ನಮ್ಮ ಬೀದಿ ಅಳತೆಯ ಸಭೆ. ಅದನ್ನ ಬೀದೀಲೇ, ಬೀದಿಯೋರ ಹೊತ್ತಿಗೇ ಮಾಡಿದರೆ ಅರ್ಧ ಕೆಲಸ ಆದಂತೆ.

ಎರಡು: ಮೊದಲು ಕಾಳು, ಆಮೇಲೆ ಮಾತು

ಹಳೇ ಕಾಲದ ಕೆರೆ ಪಂಚಾಯ್ತಿಯನ್ನ ಕೆಲವರು ತುಂಬಾ ಹೊಗಳ್ತಾರೆ. ಹೊಗಳಬೇಕಾದ್ದೂ ಅದರಲ್ಲಿದೆ. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನೋರೆಲ್ಲ ತೂಬಿನ ಹತ್ತಿರ ಸೇರೋರು. ಭತ್ತ ಯಾರೂ ಹಾಕಬಾರದು, ರಾಗಿ ಮಾತ್ರ ಅಂತಲೋ, ಇಷ್ಟು ಗುಂಟೆಗೆ ಮಾತ್ರ ನೀರು ಅಂತಲೋ ತೀರ್ಮಾನ ಆಗೋದು. ನಷ್ಟ ಆಗೋನು ಎದುರಿಗೇ ಕೂತಿರ್ತಿದ್ದ. ತೀರ್ಮಾನ ಆದ ಮೇಲೆ ಅದನ್ನ ನಡೆಸೋಕೆ ನೀರುಗಂಟಿ ಇದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಅವನ ಲೆಕ್ಕ, ತಪ್ಪಿದರೆ ಎಲ್ಲರ ಕಣ್ಣಿಗೂ ಕಾಣೋದು. ಅಂದ್ರೆ ಮಾತಾಡಿದ್ದು ಮಾರನೇ ದಿನ ಕಾಲುವೇಲಿ ಹರೀತಿತ್ತು.

ಆದರೆ ಇನ್ನೊಂದು ಮಗ್ಗುಲೂ ಇದೆ. ನಮ್ಮ ಸೀಮೇಲಿ ನೀರುಗಂಟಿ ಕೆಲಸ ಹೆಚ್ಚಾಗಿ ದಲಿತ ಮನೆತನಗಳದ್ದು. ಕೆರೆಯ ಆಳ, ತೂಬಿನ ಸೋರಿಕೆ, ಯಾವ ಗದ್ದೆ ಎಷ್ಟು ನೀರು ಕುಡಿಯುತ್ತೆ ಅನ್ನೋದು ಅವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಸಭೇಲಿ ಅವರು ನಿಂತಿರ್ತಿದ್ದರು, ಕೇಳಿದರೆ ಹೇಳ್ತಿದ್ದರು. ತೂಬು ಎತ್ತೋ ಕೈ ಅವರದು, ತೀರ್ಮಾನದ ಮಾತು ಅವರದಲ್ಲ. ಹೆಂಗಸರಂತೂ ಆ ಕಡೆ ತಲೆ ಹಾಕ್ತಿರಲಿಲ್ಲ. ಅಚ್ಚುಕಟ್ಟಲ್ಲಿ ಜಮೀನಿಲ್ಲದವನಿಗೆ ಕರೆಯೇ ಇಲ್ಲ. ಈಗಿನ ಸಭೇಲಿ ಕುರ್ಚಿ ಹಾಕಿದ್ದಾರೆ, ಮೈಕು ಬಂದಿದೆ. ಆದರೆ ಮೈಕು ಮೊದಲು ಯಾರ ಕೈಗೆ ಹೋಗುತ್ತೆ, ಅವರು ಹೇಳಿದ ಮೇಲೆ ಉಳಿದವರು "ಅಣ್ಣ ಹೇಳ್ದಂಗೇ" ಅಂತ ಯಾಕೆ ತಲೆ ಅಲ್ಲಾಡಿಸ್ತಾರೆ, ಇದು ಊರಲ್ಲಿರೋ ಎಲ್ಲರಿಗೂ ಗೊತ್ತು.

ಇದಕ್ಕೆ ಒಂದು ಉಪಾಯ ನಮ್ಮ ರಾಜ್ಯದಲ್ಲೇ ಚೆನ್ನಾಗಿ ಪಳಗಿದೆ. 1989–90ರ ಸುಮಾರಿಗೆ ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಮತ್ತು ಇಲ್ಲಿನ ಮೈರಾಡ ಸಂಸ್ಥೆಯವರು ಸೇರಿ ಹಳ್ಳಿಗಳಲ್ಲಿ ಒಂದು ಪದ್ಧತಿ ನಡೆಸಿದರು, ಪಿಆರ್‌ಎ ಅಂತಾರೆ. ಅಧಿಕಾರಿ ಪೆನ್ನು ಹಿಡಿದು ಪ್ರಶ್ನೆ ಕೇಳೋದಲ್ಲ. ಜನರೇ ನೆಲದ ಮೇಲೆ ರಂಗೋಲಿ ಪುಡಿ, ಕಲ್ಲು, ಎಲೆ ಇಟ್ಟು ತಮ್ಮೂರ ನಕ್ಷೆ ಬರೆಯೋದು. ಯಾವ ಕಷ್ಟ ದೊಡ್ಡದು, ಯಾವ ಕೆಲಸ ಮೊದಲು ಅನ್ನೋದಕ್ಕೆ ಕಾಳು ಇಡೋದು. ಓದು ಬರಹ ಬರದವರೂ ಇಡಬಹುದು. ಮೈಕು ಹಿಡಿಯೋಕೆ ನಾಚಿಕೆ ಆಗೋರೂ ಇಡಬಹುದು.

ನನ್ನ ಎರಡನೇ ಕಾರ್ಯಾಗಾರ ಇದೇ. ಮೇಜು ಕುರ್ಚಿ ಬೇಡ, ನೆಲ ಬೇಕು. ಎರಡು ಸೇರು ಹುರುಳಿ, ಒಂದು ಸೇರು ಅವರೆಕಾಳು, ರಂಗೋಲಿ ಪುಡಿ ನಾನೇ ತರ್ತೀನಿ. ಮೊದಲ ಇಪ್ಪತ್ತು ನಿಮಿಷ ಒಂದು ಕೆರೆ ಬರೆಯೋದು: ಏರಿ, ತೂಬು, ಕೋಡಿ, ಅಚ್ಚುಕಟ್ಟು, ಸುತ್ತಲ ಬೋರ್‌ವೆಲ್, ಕುಡಿಯೋ ನೀರಿನ ಟ್ಯಾಂಕು, ದನ ನೀರು ಕುಡಿಯೋ ಜಾಗ. ಆಮೇಲೆ ಪ್ರಶ್ನೆ: ಹೊರಗಿನ ನೀರು ಈ ಕೆರೆಗೆ ಬಂದರೆ ನಿಮಗೆ ದೊಡ್ಡ ಆಸೆ ಏನು, ದೊಡ್ಡ ಭಯ ಏನು? ಆಸೆಗೆ ಹುರುಳಿ, ಭಯಕ್ಕೆ ಅವರೆ. ಒಬ್ಬೊಬ್ಬರಿಗೆ ಹತ್ತು ಹುರುಳಿ, ಹತ್ತು ಅವರೆ. ಇಡೋ ತನಕ ಒಬ್ಬರೂ ಮಾತಾಡಬಾರದು. ಎಲ್ಲರೂ ಇಟ್ಟ ಮೇಲೆ ನೋಡಿ ಮಾತಾಡೋದು.

ಇದನ್ನ ನಮ್ಮೂರಲ್ಲಿ ಸಣ್ಣದಾಗಿ, ಸ್ತ್ರೀಶಕ್ತಿ ಸಂಘದವರ ಜೊತೆ ಮಾಡಿ ನೋಡಿದೆವು. ಹದಿನೆಂಟು ಜನ ಇದ್ದರು. ಭಾವಮೈದನೂ ಬಂದಿದ್ದ, ನಗಾಡ್ಕೊಂಡೇ. ಹುರುಳಿ ಎಲ್ಲ ಬೋರ್‌ವೆಲ್ ಮೇಲೆ ಬೀಳುತ್ತೆ ಅಂತ ಅವನ ಲೆಕ್ಕ, ಹಾಗೇ ಆಯಿತು. ಅವರೆಕಾಳು ಮಾತ್ರ ಎರಡು ಕಡೆ ರಾಶಿ ಬಿತ್ತು. ಒಂದು ಕುಡಿಯೋ ನೀರಿನ ಟ್ಯಾಂಕು. ಇನ್ನೊಂದು ಅವನು ಯೋಚನೆ ಮಾಡದೇ ಇದ್ದ ಜಾಗ, ದನ ಇಳಿಯೋ ಇಳಿಜಾರು. ಹಾಲಿನ ದುಡ್ಡು ಮನೇಲಿ ನಡೆಸೋರು ಹೆಂಗಸರು. ಹಸು ಆ ನೀರು ಕುಡಿದರೆ ಹಾಲಿಗೆ ಏನಾಗುತ್ತೆ ಅಂತ ಅವರ ಭಯ. ಇದು ಸರಿಯೋ ತಪ್ಪೋ ಪರೀಕ್ಷೆ ಮಾಡಿದೋರು ಹೇಳಬೇಕು. ಆದರೆ ಹೀಗೊಂದು ಪ್ರಶ್ನೆ ಇದೆ ಅಂತ ಅಷ್ಟು ತಿಂಗಳಿಂದ ಕಟ್ಟೆ ಮೇಲೆ ಕೂತು ವಾದ ಮಾಡ್ತಿದ್ದ ನಮಗೆ ಯಾರಿಗೂ ಹೊಳೆದಿರಲಿಲ್ಲ. ನನ್ನ ನಾಲ್ಕು ಪ್ರಶ್ನೆ ಈಗ ಐದಾಗಿದೆ.

ಮೂರು: ಉತ್ತರದ ಖಾತೆ

ಈ ಮೂರನೇದು ಆಯ್ಕೆ ಆಗಲಿ ಅಂತ ನನ್ನ ಆಸೆ. ಸಮಯ, ಜಾಗ, ಕಾಳು ಎಲ್ಲ ಸರಿ ಮಾಡಿದರೂ, ಕೇಳಿದ ಮಾತು ಎಲ್ಲಿಗೆ ಹೋಯಿತು ಅಂತ ಗೊತ್ತಾಗದಿದ್ದರೆ ಮುಂದಿನ ಸಲ ಜನ ಬರಲ್ಲ. ಬರದೇ ಇದ್ದಾಗ "ಜನಕ್ಕೆ ಆಸಕ್ತಿ ಇಲ್ಲ" ಅಂತಾರೆ.

ನಡಾವಳಿ ಪುಸ್ತಕ ಓದಿದ್ದೀರಾ? ಯಾವ ಊರಿಂದಾದರೂ ಸರಿ, ಯಾವ ಸಂಘದ್ದಾದರೂ ಸರಿ. ಎರಡು ಮಾತು ಖಂಡಿತ ಇರುತ್ತೆ: "ಚರ್ಚಿಸಲಾಯಿತು", "ಸರ್ವಾನುಮತದಿಂದ ಅಂಗೀಕರಿಸಲಾಯಿತು". ಯಾರು ಚರ್ಚಿಸಿದರು, ಯಾರು ಏನಂದರು, ಯಾರು ಒಪ್ಪಲಿಲ್ಲ, ಇದೊಂದೂ ಆ ಪದದಲ್ಲಿ ಇಲ್ಲ. ಕನ್ನಡದಲ್ಲಿ ಈ "ಲಾಯಿತು" ದೊಡ್ಡ ಮಾಯಗಾರ. ಕೆಲಸ ಆಗಿರುತ್ತೆ, ಮಾಡಿದೋರು ಯಾರೂ ಇರಲ್ಲ.

ಹಾಗಂತ ಬೇರೆ ಥರ ಮಾಡೋಕೆ ಆಗಲ್ಲ ಅಂತಲ್ಲ. ಪರಿಸರ ಅನುಮತಿ ಬೇಕಾದ ದೊಡ್ಡ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆ ಇದೆ. ಸಾರ್ವಜನಿಕ ಅಹವಾಲು ಸಭೆ ಅದರ ಪ್ರಕಾರ ನಡೆಯೋದು. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ನೋಟಿಸ್ ಬರಬೇಕು. ಜಿಲ್ಲಾಧಿಕಾರಿ, ಇಲ್ಲವೇ ಅಪರ ಜಿಲ್ಲಾಧಿಕಾರಿಗಿಂತ ಕೆಳಗಲ್ಲದ ಅಧಿಕಾರಿ ಕೂತು ನಡೆಸಬೇಕು. ವಿಡಿಯೊ ಆಗಬೇಕು. ಬಂದವರಿಗೆಲ್ಲ ಪ್ರಶ್ನೆ ಕೇಳೋ ಅವಕಾಶ ಕೊಡಬೇಕು. ಕೊನೆಗೆ ಯಾರ್ಯಾರು ಏನು ಹೇಳಿದರು ಅನ್ನೋ ಸಾರಾಂಶವನ್ನ ಅಲ್ಲೇ, ಜನರ ಭಾಷೆಯಲ್ಲೇ ಓದಿ ಹೇಳಬೇಕು. ಆ ಆತಂಕಗಳಿಗೆ ಏನು ಮಾಡ್ತೀವಿ ಅನ್ನೋದನ್ನ ಯೋಜನೆಯವರು ಅಂತಿಮ ವರದೀಲಿ ಸೇರಿಸಬೇಕು. ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ: ಸಭೆ ಶುರು ಮಾಡೋಕೆ ಇಷ್ಟೇ ಜನ ಇರಬೇಕು ಅನ್ನೋ ಕೋರಂ ಇಲ್ಲ. ಅಂದ್ರೆ ನಾಲ್ಕೇ ಜನ ಬಂದರೂ ಸಭೆ ಸಭೆಯೇ. ನಾವು ಹೋಗದಿದ್ದರೆ ನಮ್ಮ ಮಾತಿಲ್ಲದೇ ಅದು ಮುಗಿಯುತ್ತೆ. ಇದನ್ನ ಎಲ್ಲರೂ ತಿಳ್ಕೊಂಡಿರಬೇಕು.

ಇನ್ನೊಂದು ಉದಾಹರಣೆ ಬಿಟಿ ಬದನೆ. 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಅನುಮೋದನಾ ಸಮಿತಿ ಅದಕ್ಕೆ ಹಸಿರು ನಿಶಾನೆ ತೋರಿಸಿತ್ತು. ಆಗ ಪರಿಸರ ಸಚಿವರಾಗಿದ್ದ ಜೈರಾಂ ರಮೇಶ್ ತಕ್ಷಣ ಸಹಿ ಹಾಕಲಿಲ್ಲ. ದೇಶದ ಏಳು ನಗರಗಳಲ್ಲಿ ಜನರ ಸಭೆ ಕರೆದರು, ಕೊನೇದು 2010ರ ಫೆಬ್ರವರಿ 6ರಂದು ಬೆಂಗಳೂರಲ್ಲಿ. ರೈತರು, ವಿಜ್ಞಾನಿಗಳು, ಕಂಪನಿಯೋರು, ಬೇಕು ಅನ್ನೋರು, ಬೇಡ ಅನ್ನೋರು ಎಲ್ಲ ಇದ್ದರು, ಗದ್ದಲವೂ ಇತ್ತು. ಉಡುಪಿಯ ಮಟ್ಟುಗುಳ್ಳದಂಥ ನಾಟಿ ಬದನೆ ಗತಿ ಏನು ಅನ್ನೋ ಪ್ರಶ್ನೆ ನಮ್ಮ ರಾಜ್ಯದಲ್ಲಿ ಜೋರಾಗಿ ಎದ್ದಿತ್ತು. ಫೆಬ್ರವರಿ 9ರಂದು ಸಚಿವರು ಅದಕ್ಕೆ ತಡೆ ಹಾಕಿದರು. ತಡೆ ಸರಿಯೋ ತಪ್ಪೋ ಅಂತ ಇವತ್ತಿಗೂ ವಾದ ಇದೆ, ಈ ಪೇಜಲ್ಲೇ ಎರಡೂ ಕಡೆಯವರಿದ್ದೀರಿ. ನಾನು ತೋರಿಸ್ತಿರೋದು ಬೇರೆ. ನಿರ್ಧಾರದ ಜೊತೆ ಅದರ ಕಾರಣಗಳನ್ನೂ ಬರೆದು, ಯಾರು ಯಾವ ಪ್ರಶ್ನೆ ಎತ್ತಿದರು ಅಂತ ಹೇಳಿ ಪ್ರಕಟಿಸಿದರು. ಒಪ್ಪದೇ ಇರೋನು ಆ ಕಾರಣಗಳನ್ನ ಹಿಡಿದು ಜಗಳ ಆಡಬಹುದು. ಕಾರಣ ಬರೆಯದಿದ್ದರೆ ಜಗಳ ಆಡೋಕೂ ಹಿಡಿ ಸಿಗಲ್ಲ.

ಕಾರ್ಯಾಗಾರದ ಕ್ರಮ ಹೀಗೆ. ನಲವತ್ತು ಜನ. ಸಭೆ ಕರೆಯೋ ಅಭ್ಯಾಸ ಇರೋರು, ಅಂದ್ರೆ ಅಧಿಕಾರಿಗಳು, ಸಂಸ್ಥೆಯವರು, ಎಲ್ಲ ಒಂದು ಕಡೆ ನೆಲದ ಮೇಲೆ ಊರಿನವರಾಗಿ ಕೂರಬೇಕು. ನಮ್ಮಂಥವರು ನಾಲ್ಕು ಜನ ಮೇಜಿನ ಹಿಂದೆ. ಮೊದಲ ಇಪ್ಪತ್ತೈದು ನಿಮಿಷ ಅವರು ಕೆರೆ ಬಗ್ಗೆ ಪ್ರಶ್ನೆ ಕೇಳ್ತಾರೆ. ನಾವು ಎಲ್ಲದಕ್ಕೂ "ಪರಿಶೀಲಿಸಲಾಗುವುದು", "ಮೇಲಧಿಕಾರಿಗಳ ಗಮನಕ್ಕೆ ತರಲಾಗುವುದು" ಅಂತ ಹೇಳ್ತೀವಿ. ಹೇಗಾಯಿತು ಅಂತ ಹತ್ತು ನಿಮಿಷ ಕೇಳ್ತೀವಿ. ಆಮೇಲೆ ಒಂದು ದೊಡ್ಡ ಹಾಳೆ. ಐದು ಕಾಲಂ: ಏನು ಕೇಳಿದರು. ಮಾಡ್ತೀವಾ, ಮಾಡಲ್ಲವಾ. ಮಾಡಲ್ಲ ಅಂದ್ರೆ ಯಾಕೆ. ಮಾಡೋರು ಯಾರು. ಯಾವ ತಾರೀಕಿಗೆ ಊರಿಗೆ ಬಂದು ಹೇಳ್ತಾರೆ. ಉಳಿದ ಸಮಯದಲ್ಲಿ ಅವರೇ ಕೇಳಿದ ಪ್ರಶ್ನೆಗಳನ್ನ ಈ ಹಾಳೇಲಿ ತುಂಬಬೇಕು. ಐದನೇ ಕಾಲಂ ಖಾಲಿ ಬಿಡೋ ಹಾಗಿಲ್ಲ. "ಮಾಡಲ್ಲ" ಅಂತ ಬರೆದರೂ ಪರವಾಗಿಲ್ಲ. ನಮ್ಮ ಅತ್ತೆಗೆ "ಇಲ್ಲ" ಅನ್ನೋದು ಹೊಸದಲ್ಲ. ಇಲ್ಲ ಅಂದ್ರೆ ಬೇರೆ ದಾರಿ ನೋಡ್ಕೊಳ್ತಾಳೆ, ಬೇರೆ ಕಡೆಯಿಂದ ನೀರು ತರ್ತಾಳೆ, ಇನ್ನೊಬ್ಬರನ್ನ ಕೇಳ್ತಾಳೆ. "ಪರಿಶೀಲಿಸಲಾಗುವುದು" ಅಂದ್ರೆ ಮಾತ್ರ ಅವಳು ಕಾಯ್ತಾ ಕೂರಬೇಕು.

ಸಂಘಟಕರು ಫಾರಂ ಜೊತೆ ಓದೋಕೆ ಒಂದು ಟಿಪ್ಪಣಿ ಕಳಿಸಿದ್ದರು. ಅದರಲ್ಲಿ ಶೆರಿ ಆರ್ನ್‌ಸ್ಟೀನ್ ಅನ್ನೋ ಅಮೆರಿಕದ ಹೆಣ್ಣುಮಗಳು 1969ರಲ್ಲಿ ಬರೆದ ಏಣಿ ಇದೆ. ಜನರ ಪಾಲ್ಗೊಳ್ಳುವಿಕೆಗೆ ಎಂಟು ಮೆಟ್ಟಿಲು. ಕೆಳಗಿನ ಎರಡರಲ್ಲಿ ಜನರನ್ನ ಸಮಾಧಾನ ಮಾಡೋದು, ಯಾಮಾರಿಸೋದು ಅಷ್ಟೇ. ನಡುವಿನವು ತಿಳಿಸೋದು, ಅಭಿಪ್ರಾಯ ಕೇಳೋದು, ಒಂದೆರಡು ಸ್ಥಾನ ಕೊಟ್ಟು ಸಮಾಧಾನಪಡಿಸೋದು. ಮೇಲಿನ ಮೂರರಲ್ಲಿ ಮಾತ್ರ ಅಧಿಕಾರ ನಿಜವಾಗಿ ಕೈ ಬದಲಾಗುತ್ತೆ. ಓದಿ ಸಂತೋಷ ಆಯಿತು, ಐವತ್ತು ವರ್ಷದ ಹಿಂದೆ ಅಷ್ಟು ದೂರದಲ್ಲಿ ಕೂತವರಿಗೂ ಇದೇ ಕಂಡಿತ್ತಲ್ಲ ಅಂತ. ನನ್ನ ಐದು ಕಾಲಮ್ಮಿನ ಹಾಳೆ ಮೇಲಿನ ಮೆಟ್ಟಿಲಿಗೆ ಹತ್ತಿಸಲ್ಲ. ನಡುವಿನ ಮೆಟ್ಟಿಲಲ್ಲಿ ನಿಂತವರು ಕೆಳಕ್ಕೆ ಜಾರದ ಹಾಗೆ ಒಂದು ಗೂಟ ಹೊಡೆಯುತ್ತೆ. ನಮ್ಮ ಕೆರೆಗೆ ಇವತ್ತು ಅಷ್ಟಾದರೂ ಬೇಕು.

ಫಾರಮ್ಮಿನ ಕೆಳಗೆ "ಇತರ ಬೇಡಿಕೆಗಳು" ಅಂತ ಜಾಗ ಇತ್ತು. ಅಲ್ಲಿ ಮೂರು ಬರೆದೆ. ಒಂದು, ಕಾರ್ಯಾಗಾರ ಕನ್ನಡದಲ್ಲಿ ನಡೀಬೇಕು, ಕನ್ನಡ ಬರದವರಿಗೆ ಪಕ್ಕದಲ್ಲಿ ಕೂತು ಹೇಳೋರನ್ನ ಅವರೇ ಕರ್ಕೊಂಡು ಬರಲಿ. ಎರಡು, ನನ್ನ ಜೊತೆ ಬರೋ ಮೂವರಲ್ಲಿ ಇಬ್ಬರು ಹೆಣ್ಣುಮಕ್ಕಳು, ಅವರ ಬಸ್ ಚಾರ್ಜು ಮತ್ತು ಆ ದಿನದ ಕೂಲಿ ಕೊಡಬೇಕು. ಮೂರು, ಕಾರ್ಯಾಗಾರದ ಹೊತ್ತು ಹನ್ನೊಂದೂವರೆಯಿಂದ ಒಂದು ಗಂಟೆ ಒಳಗಿರಲಿ, ಬೆಳಗಿನ ಹಾಲು ಹಾಕಿ ಬಂದು ಸಂಜೆ ಹಾಲಿಗೆ ವಾಪಸ್ ಆಗಬೇಕು. ಸಂವಾದದ ಸಮ್ಮೇಳನ ಇದನ್ನ ಒಪ್ಪದಿದ್ದರೆ ಮೊದಲ ಕಾರ್ಯಾಗಾರ ಅವರಿಗೇ ಬೇಕು.

ಉದ್ದೇಶದ ಕಾಲಂನಲ್ಲಿ ನೂರು ಪದ ಕೇಳಿದ್ದರು. ನಾನು ಬರೆದದ್ದು ಇಷ್ಟು: "ಜನರನ್ನು ಕೇಳುವ ಮುನ್ನ ಮೂರು ಮಾತು ಖಚಿತವಾಗಿರಬೇಕು. ನಿರ್ಧಾರ ಇನ್ನೂ ಆಗಿಲ್ಲ. ಹೆಚ್ಚು ನಷ್ಟ ಆಗಬಹುದಾದವರು ಬರುವ ಹೊತ್ತಿಗೆ ಸಭೆ ಇದೆ. ಉತ್ತರ ಯಾವ ದಿನ, ಯಾರು ತರುತ್ತಾರೆ ಎಂದು ಗೊತ್ತಿದೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದನ್ನು ಸಭೆ ಎನ್ನಿ, ಸಂವಾದ ಎನ್ನಬೇಡಿ."

ಕಳಿಸೋಕೆ ಇನ್ನೂ ಆರು ದಿನ ಇದೆ. ನಿಮಗೆ ಏನಾದರೂ ಸೇರಿಸಬೇಕು ಅನ್ನಿಸಿದರೆ ಬರೀರಿ. ಕೆ.ಸಿ. ವ್ಯಾಲಿ ನೀರು ಈಗಾಗಲೇ ಬಂದಿರೋ ಕೆರೆ ಪಕ್ಕದವರು ಇದ್ದರೆ ದಯವಿಟ್ಟು ಹೇಳಿ: ನಿಮ್ಮ ಬೋರ್ ನೀರನ್ನ ಯಾರಾದರೂ ಪರೀಕ್ಷೆ ಮಾಡಿದ್ದಾರಾ, ಫಲಿತಾಂಶದ ಕಾಗದ ನಿಮ್ಮ ಕೈಗೆ ಬಂದಿದೆಯಾ, ಹಸುಗಳಿಗೆ ಆ ನೀರು ಕುಡಿಸ್ತಿದ್ದೀರಾ? ಒಳ್ಳೇದಾಗಿದ್ದರೆ ಅದನ್ನೂ ಹೇಳಿ, ಭಾವಮೈದನಿಗೆ ತೋರಿಸ್ತೀನಿ. ಮತ್ತೆ ಎಲ್ಲರೂ ಒಂದು ಕೆಲಸ ಮಾಡಿ. ನಿಮ್ಮೂರಿನ ಹೋದ ಸಲದ ಗ್ರಾಮಸಭೆ ನಡಾವಳಿಯ ನಕಲು ಕೇಳಿ ತಗೊಳ್ಳಿ. ಅದರಲ್ಲಿ ಎಷ್ಟು "ಲಾಯಿತು" ಇದೆ ಎಣಿಸಿ, ಎಷ್ಟು ತಾರೀಕು ಇದೆ ಎಣಿಸಿ. ಎರಡೂ ಸಂಖ್ಯೆ ಇಲ್ಲಿ ಹಾಕಿ. ಮೂರನೇ ಕಾರ್ಯಾಗಾರಕ್ಕೆ ಅದೇ ಪಠ್ಯಪುಸ್ತಕ.